ಗಂಗಾವತಿಯ ಗಾಳಿಗೆ ಬೆಂಗಳೂರಿನ ಅಳತೆ ಸಾಲದು

“ಅಕ್ಕಾರ, ಇವತ್ತ ನೋಡ್ರಿ. ತೊಂಬತ್ತೇಳು ಪಾಯಿಂಟ್ ನಾಕು. ಬ್ಯಾರೆ ಎಲ್ಲೂ ಇಷ್ಟ ಬರಂಗಿಲ್ಲ.”

ನಮ್ಮ ಭಾಗದ ಒಂದು ಆಸ್ಪತ್ರೆಯ ಹಿಂಬದಿಗೆ, ಆಕ್ಸಿಜನ್ ಪ್ಲಾಂಟಿನ ಶೆಡ್ಡಿನ ಬಾಗಿಲಲ್ಲಿ ನಿಂತು ಆಪರೇಟರ್ ಹುಡುಗ ನನಗೆ ಹೀಗೆ ಹೇಳಿದ. ಪ್ಯಾನೆಲ್ಲಿನ ಮೇಲೆ ಹಸಿರು ಅಂಕಿ ಹೊಳೆಯುತ್ತಿತ್ತು. ರಿಜಿಸ್ಟರ್ ತೆಗೆದು ತೋರಿಸಿದ. ಹಿಂದಿನ ಮೂರು ವಾರ ಬೆಳಿಗ್ಗೆ, ಸಂಜೆ ತಪ್ಪದೆ ಬರೆದಿದ್ದ: 96.8, 97.1, 97.4. ಪ್ರತಿ ಸಾಲಿನ ತುದಿಗೂ ಸಹಿ. ಓದುತ್ತಾ ಹೋದಂತೆ ನನ್ನ ಎದೆ ಧಸಕ್ಕೆಂದಿತು.

ಅವನಿಗೆ ಏನೂ ಹೇಳದೆ ಮೊದಲು, ಆಮ್ಲಜನಕದ ಶುದ್ಧತೆ ಅಳೆಯುವ ಅನಲೈಸರ್‌ನ ವೆಂಟ್ ಪೈಪು ಹುಡುಕಿದೆ. ಅಳತೆ ಮುಗಿದ ಮೇಲೆ ಗಾಳಿ ಹೊರಗೆ ಹೋಗುವ ದಾರಿ ಅದು, ಪೆನ್ಸಿಲ್‌ಗಿಂತ ಸಣ್ಣದು. ಪ್ಯಾನೆಲ್ಲಿನ ಬಾಗಿಲು ಹಾಕುವಾಗ ಸಂದಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಬಾಗಿಲು ತೆಗೆದು ಬೆರಳಿನಿಂದ ತಿದ್ದಿದೆ. ಗಾಳಿ ಸುಸ್ ಎಂದು ಹೊರಬಂತು. ಅಂಕಿ ಇಳಿಯತೊಡಗಿತು: 95, 92, 90. ಕೊನೆಗೆ 88ರ ಹತ್ತಿರ ನಿಂತಿತು. ಆಗ ಅಲಾರಂ ಕೂಗಿತು. ಮೂರು ವಾರದ ಹಿಂದೆಯೇ ಕೂಗಬೇಕಾಗಿದ್ದ ಅಲಾರಂ.

ಹುಡುಗನ ಮುಖ ಸಣ್ಣದಾಯಿತು. ಅವನದೇನೂ ತಪ್ಪಿರಲಿಲ್ಲ. ಅವನಿಗೆ ಅಂಕಿ ಬರೆಯಲು ಕಲಿಸಿದ್ದರು, ಬರೆದಿದ್ದ. ಅಂಕಿಯನ್ನು ಅನುಮಾನಿಸುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಆ ಕಲಿಕೆ ಯಾಕೆ ಬೇಕು, ಅದಕ್ಕೆ ನಮ್ಮ ಜಿಲ್ಲೆ ಏನು ಮಾಡಬೇಕು ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಗಂಗಾವತಿಯವಳು. ಇನ್‌ಸ್ಟ್ರುಮೆಂಟೇಷನ್ ಡಿಪ್ಲೊಮಾ ಓದಿ, ಕೆಲವು ವರ್ಷ ಗಿಣಿಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ದುಡಿದು, ಈಗ ಗುತ್ತಿಗೆಯ ಮೇಲೆ ಆಸ್ಪತ್ರೆಗಳ ಉಪಕರಣ ನೋಡಿಕೊಳ್ಳುತ್ತೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಊರುಗಳ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯವರಿಗೆ ನನ್ನ ಹೆಗಲಿನ ಚೀಲದ ಗುರುತಿದೆ. ಚೀಲದಲ್ಲಿ ಕೈಯಲ್ಲಿ ಹಿಡಿಯುವ ಅನಲೈಸರ್ ಒಂದು, ಸ್ಪ್ಯಾನರ್, ಟೆಫ್ಲಾನ್ ಟೇಪು, ಮತ್ತೆ ಒಂದು ಸಣ್ಣ ಬ್ಯಾರೋಮೀಟರ್. ಮಾತು ಮುಖ್ಯವಾಗಿ ಆ ಕೊನೆಯ ವಸ್ತುವಿನದು.

97.4 ಕಂಡಾಗ ನನಗೆ ಯಾಕೆ ಭಯವಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೋವಿಡ್ ಕಾಲದಲ್ಲಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೆ ಬಂದ ಘಟಕಗಳನ್ನು ಪಿಎಸ್‌ಎ ಪ್ಲಾಂಟ್ ಎನ್ನುತ್ತಾರೆ. ಅವು ಆಮ್ಲಜನಕವನ್ನು ತಯಾರಿಸುವುದಿಲ್ಲ, ಗಾಳಿಯಿಂದ ಸೋಸಿ ಕೊಡುತ್ತವೆ. ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು ಒತ್ತಿ, ಜಿಯೋಲೈಟ್ ಎಂಬ ಖನಿಜದ ಗುಂಡುಗಳು ತುಂಬಿದ ಗೋಪುರಕ್ಕೆ ನುಗ್ಗಿಸುತ್ತದೆ. ಒತ್ತಡದಲ್ಲಿ ಜಿಯೋಲೈಟ್ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಒಂದು ಗೋಪುರ ಹಿಡಿಯುವಾಗ ಇನ್ನೊಂದು ಗೋಪುರದ ಒತ್ತಡ ಇಳಿದು, ಅದು ಹಿಡಿದಿದ್ದನ್ನು ಹೊರಗೆ ಉಗುಳುತ್ತದೆ. ಶೆಡ್ಡಿನ ಹತ್ತಿರ ಹೋದವರಿಗೆ ಆಗಾಗ ಬುಸ್ ಎಂದು ಕೇಳುವ ಸದ್ದು ಅದೇ.

ಗಾಳಿಯಲ್ಲಿ ಶೇ 78 ಸಾರಜನಕ, ಶೇ 21ರಷ್ಟು ಆಮ್ಲಜನಕ, ಇವೆರಡರ ಜೊತೆ ಶೇ 1ಕ್ಕಿಂತ ತುಸು ಕಡಿಮೆ ಆರ್ಗಾನ್ ಇದೆ. ಈ ಜಿಯೋಲೈಟ್‌ಗೆ ಆರ್ಗಾನ್ ಬೇರೆ, ಆಮ್ಲಜನಕ ಬೇರೆ ಎಂದು ವಿಂಗಡಿಸಲು ಬರುವುದಿಲ್ಲ. ಸಾರಜನಕವನ್ನು ಪೂರ್ತಿ ತೆಗೆದರೂ 21 ಪಾಲಿಗೆ ಒಂದು ಪಾಲು ಆರ್ಗಾನ್ ಉಳಿದೇ ಇರುತ್ತದೆ. ಆದ್ದರಿಂದ ಇಂಥ ಪ್ಲಾಂಟು 95–96ರ ಗೆರೆ ದಾಟುವುದು ಸಾಧ್ಯವಿಲ್ಲ. ವೈದ್ಯಕೀಯ ಮಾನದಂಡ ಕೂಡ 93, ಅದರ ಆಚೀಚೆ 3 ಎಂದೇ ಇರುವುದು. 97 ತೋರಿಸುವ ಪಿಎಸ್‌ಎ ಪ್ಲಾಂಟಿನಲ್ಲಿ ಅಳತೆ ಕೆಟ್ಟಿದೆ ಎಂದೇ ಅರ್ಥ. ನೀವು ಯಾವುದೇ ಆಸ್ಪತ್ರೆಯಲ್ಲಿ ಅಂಥ ಅಂಕಿ ಕಂಡರೆ, ವೈದ್ಯರಾಗಿರಲಿ, ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಾಗಿರಲಿ, ದಯವಿಟ್ಟು ಅಲ್ಲೇ ನಿಂತು ಕೇಳಿ.

ಇನ್ನು ಅಳತೆ ಕೆಡುವುದು ಹೇಗೆ ಎಂಬ ವಿಷಯ. ಬಹಳಷ್ಟು ಅನಲೈಸರ್‌ಗಳ ಒಳಗಿರುವ ಸೆನ್ಸರ್ ಒಂದು ಪುಟ್ಟ ಬ್ಯಾಟರಿಯಂಥದ್ದು. ಒಳಗೆ ಸೀಸ, ಕ್ಷಾರದ ದ್ರಾವಣ, ಮೇಲೊಂದು ತೆಳು ಪೊರೆ. ಪೊರೆ ದಾಟಿ ಬಂದ ಆಮ್ಲಜನಕ ಸೀಸವನ್ನು ತಿನ್ನುತ್ತದೆ, ಆಗ ಕರೆಂಟ್ ಹುಟ್ಟುತ್ತದೆ. ಹೆಚ್ಚು ಆಮ್ಲಜನಕ ಬಡಿದರೆ ಹೆಚ್ಚು ಕರೆಂಟ್. ಆದರೆ ಪರದೆಯ ಮೇಲೆ ‘ಶೇಕಡಾ’ ಎಂದು ಬರೆದಿದ್ದರೂ ಆ ಸೆನ್ಸರ್‌ಗೆ ಶೇಕಡಾ ಎಂದರೇನು ಎಂದು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಪೊರೆಗೆ ಬಂದು ಬಡಿಯುವ ಆಮ್ಲಜನಕದ ಒತ್ತಡ ಮಾತ್ರ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರಿಗೆ ಇದನ್ನು ಹೇಳುವುದು ಸುಲಭ. ತೇರಿನ ಬಯಲಿನಲ್ಲಿ ನೂರು ಮಂದಿಯಲ್ಲಿ 21 ಮಂದಿ ರುಮಾಲು ಸುತ್ತಿದವರು ಎಂದುಕೊಳ್ಳಿ. ನೀವು ಒಂದು ಕಡೆ ನಿಂತು, ಒಂದು ನಿಮಿಷದಲ್ಲಿ ಎಷ್ಟು ರುಮಾಲಿನವರ ಭುಜ ನಿಮಗೆ ತಾಗಿತು ಎಂದು ಎಣಿಸುತ್ತೀರಿ. ಬೆಳಿಗ್ಗೆ ಮಂದಿ ವಿರಳ, ಹತ್ತು ಸಲ ತಾಗಿತು. ಸಂಜೆ ತೇರು ಎಳೆಯುವ ಹೊತ್ತಿಗೆ ನೂಕುನುಗ್ಗಲು, ನಲವತ್ತು ಸಲ ತಾಗಿತು. ರುಮಾಲಿನವರ ಪಾಲು ಬೆಳಿಗ್ಗೆಯೂ 21, ಸಂಜೆಯೂ 21. ಹೆಚ್ಚಿದ್ದು ನೂಕಾಟ. ಅನಲೈಸರ್ ಮಾಡುವುದು ಈ ಎಣಿಕೆಯನ್ನೇ. ಚಪ್ಪಟೆಯಾದ ವೆಂಟ್ ಪೈಪು ಸೆನ್ಸರ್‌ನ ಮುಂದೆ ನೂಕುನುಗ್ಗಲು ಹುಟ್ಟಿಸಿತ್ತು. ಎಷ್ಟು? ಒಂದು ಮೀಟರ್ ಆಳದ ನೀರಿನ ತಳದಲ್ಲಿರುವಷ್ಟು ಹೆಚ್ಚುವರಿ ಒತ್ತಡ, ಸುಮಾರು 100 ಮಿಲಿಬಾರ್. ಅಷ್ಟಕ್ಕೇ 88 ಹೋಗಿ 97 ಆಗಿತ್ತು.

ಬೆರೆತ ಅನಿಲಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಒತ್ತಡ ಇರುತ್ತದೆ, ಎಲ್ಲವೂ ಕೂಡಿ ಒಟ್ಟು ಒತ್ತಡವಾಗುತ್ತದೆ ಎಂದು ಇಂಗ್ಲೆಂಡಿನ ನೇಕಾರನ ಮಗ ಜಾನ್ ಡಾಲ್ಟನ್ 1801ರಲ್ಲೇ ತೋರಿಸಿದ್ದ. ಎಸ್ಸೆಸ್ಸೆಲ್ಸಿ ದಾಟಿ ವಿಜ್ಞಾನ ತೆಗೆದುಕೊಂಡ ಮಕ್ಕಳೆಲ್ಲ ಅದನ್ನು ಓದುತ್ತಾರೆ, ಲೆಕ್ಕ ಬಿಡಿಸುತ್ತಾರೆ, ಅಂಕ ತೆಗೆದುಕೊಳ್ಳುತ್ತಾರೆ. ಆ ಲೆಕ್ಕ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಹಗಲೂ ರಾತ್ರಿ ನಡೆಯುತ್ತಿದೆ ಎಂದು ಯಾರಾದರೂ ಮೇಷ್ಟ್ರು ಅವರನ್ನು ಕರೆದುಕೊಂಡು ಬಂದು ತೋರಿಸಬೇಕು ಎಂದು ನನಗೆ ತುಂಬಾ ಆಸೆ.

ಚಪ್ಪಟೆ ಪೈಪು ಕಣ್ಣಿಗೆ ಕಾಣುವ ತಪ್ಪು. ಕಣ್ಣಿಗೆ ಕಾಣದ ಇನ್ನೊಂದು ತಪ್ಪು ನಮ್ಮ ಊರುಗಳ ಎತ್ತರದಲ್ಲೇ ಇದೆ.

ಗಂಗಾವತಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ತಗ್ಗಿನ ಸೀಮೆ, ಸಮುದ್ರಮಟ್ಟದಿಂದ ಸುಮಾರು 400 ಮೀಟರ್. ಅಲ್ಲಿಂದ ಕನಕಗಿರಿ, ತಾವರಗೇರಾ ದಾಟಿ ಬಸ್ಸು ಕುಷ್ಟಗಿ ಮುಟ್ಟುವಷ್ಟರಲ್ಲಿ 600 ಮೀಟರ್ ಮೀರಿರುತ್ತೇವೆ. ಕೊಪ್ಪಳ ಇವೆರಡರ ನಡುವೆ, 530ರ ಆಸುಪಾಸು. ಬಸ್ಸಿನಲ್ಲಿ ಕೂತವರಿಗೆ ಏರಿದ್ದು ಗೊತ್ತಾಗುವುದಿಲ್ಲ, ಕಿಟಕಿಯ ಹೊರಗೆ ಗದ್ದೆ ಹೋಗಿ ಸಜ್ಜೆ, ತೊಗರಿ ಬಂದದ್ದಷ್ಟೇ ಕಾಣುತ್ತದೆ. ನನ್ನ ಚೀಲದ ಬ್ಯಾರೋಮೀಟರ್‌ಗೆ ಮಾತ್ರ ಗೊತ್ತಾಗುತ್ತದೆ. ಗಂಗಾವತಿಯಲ್ಲಿ 965 ಮಿಲಿಬಾರ್ ಸುತ್ತಮುತ್ತ ತೋರಿಸಿದ್ದು ಕುಷ್ಟಗಿಯಲ್ಲಿ 940ಕ್ಕೆ ಬಂದಿರುತ್ತದೆ. ಎರಡೂ ಊರಿನ ಗಾಳಿಯಲ್ಲಿ ಆಮ್ಲಜನಕದ ಪಾಲು ಅದೇ ಶೇ 20.9. ಆದರೆ ಗಂಗಾವತಿಯಲ್ಲಿ ಹೊಂದಿಸಿದ ಅನಲೈಸರ್ ಕುಷ್ಟಗಿಗೆ ಹೋಗಿ 93ರ ಆಮ್ಲಜನಕವನ್ನು 90.6 ಎನ್ನುತ್ತದೆ.

ಇದು ನಮ್ಮ ಜಿಲ್ಲೆಯ ಒಳಗಿನ ಮಾತು. ಬೆಂಗಳೂರು 900 ಮೀಟರ್‌ಗಿಂತ ಮೇಲಿದೆ. ಅಲ್ಲಿನ ಒತ್ತಡ ಸುಮಾರು 910 ಮಿಲಿಬಾರ್. ನಮ್ಮ ಉಪಕರಣಗಳನ್ನು ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಹೊಂದಿಸಲು, ಕಳಿಸುವುದು ಹೆಚ್ಚಾಗಿ ಅಲ್ಲಿಗೇ. ಅಲ್ಲಿನ ತಂತ್ರಜ್ಞರು ತಮ್ಮ ಕೆಲಸ ಸರಿಯಾಗಿಯೇ ಮಾಡಿ, ಸೀಲು ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ಆ ಪೆಟ್ಟಿಗೆ ರಾತ್ರಿ ಬಸ್ಸಿನಲ್ಲಿ ಗಂಗಾವತಿಗೆ ಇಳಿಯುತ್ತದೆ. 910ರಲ್ಲಿ ಹೊಂದಿಸಿದ್ದು 965ಕ್ಕೆ ಬಂದರೆ ಶೇ 6ರಷ್ಟು ಹೆಚ್ಚು ತೋರಿಸುತ್ತದೆ. ನಿಜವಾಗಿ 88 ಇರುವ ಆಮ್ಲಜನಕ ಅದರ ಪರದೆಯ ಮೇಲೆ 93 ಆಗಿ ಕಾಣುತ್ತದೆ. ಕೆಟ್ಟ ಪ್ಲಾಂಟು ಒಳ್ಳೆಯ ಪ್ಲಾಂಟಾಗಿ ಕಾಣುತ್ತದೆ, ಅದೂ ಪ್ರಮಾಣಪತ್ರದ ಸಮೇತ.

ಕಡಲ ದಂಡೆಯ ಊರಿನಲ್ಲಿ ತಯಾರಾಗಿ, ಅಲ್ಲೇ ಹೊಂದಿಸಿಕೊಂಡು ಬಂದ ಯಂತ್ರದ್ದು ಇದಕ್ಕೆ ಉಲ್ಟಾ. ಸರಿಯಾದ 93ನ್ನು ಅದು ಗಂಗಾವತಿಯಲ್ಲಿ 89 ಎನ್ನುತ್ತದೆ, ಕುಷ್ಟಗಿಯಲ್ಲಿ 87ಕ್ಕೂ ಕೆಳಗೆ ಇಳಿಸುತ್ತದೆ. 90ರ ಕೆಳಗೆ ಅಲಾರಂ ಕೂಗುವಂತೆ ಇಟ್ಟಿರುತ್ತಾರೆ. ಹಗಲೂ ರಾತ್ರಿ ಕೂಗುವ ಅಲಾರಂ ಅನ್ನು ಯಾವ ಸಿಬ್ಬಂದಿ ತಾನೆ ಎಷ್ಟು ದಿನ ಸಹಿಸಿಯಾರು? ಹೀಗೇ ಒಂದು ಕಡೆ ಅಲಾರಂನ ವೈರು ಬಿಚ್ಚಿ ಟೇಪು ಸುತ್ತಿಟ್ಟಿದ್ದನ್ನು ನಾನು ನೋಡಿದ್ದೇನೆ. ಸುಳ್ಳು ಕೂಗಿಗೆ ಬೇಸತ್ತು ಬಿಚ್ಚಿದ ವೈರು ನಿಜವಾದ ಕೂಗನ್ನೂ ನುಂಗುತ್ತದೆ.

ಒತ್ತಡವನ್ನು ತಾನೇ ಅಳೆದು ತಿದ್ದಿಕೊಳ್ಳುವ ಅನಲೈಸರ್‌ಗಳೂ ಇವೆ. ಅವು ಇರುವಲ್ಲಿ ಊರಿನ ಎತ್ತರದ ತೊಂದರೆ ಕಡಿಮೆ. ಆದರೆ ನಮ್ಮಲ್ಲಿರುವುದು ಯಾವ ಬಗೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕೈಪಿಡಿ ಎಲ್ಲಿದೆ ಎಂದರೆ ಸ್ಟೋರ್‌ರೂಮಿನ ಬೀಗದ ಕೈ ಹುಡುಕುತ್ತಾರೆ.

ನಮ್ಮಪ್ಪ ಗಂಗಾವತಿಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದ. ಭತ್ತದ ವ್ಯಾಪಾರದ ಊರಿನಲ್ಲಿ ತಕ್ಕಡಿಯವನಿಗೆ ಬಿಡುವಿರುವುದಿಲ್ಲ. ಅಂಗಡಿಯ ತಕ್ಕಡಿ, ಅಕ್ಕಿ ಗಿರಣಿಯ ದೊಡ್ಡ ಕಾಟಾ, ಆಮೇಲಾಮೇಲೆ ಎಲೆಕ್ಟ್ರಾನಿಕ್ ಮಷೀನುಗಳು. ಯಾವ ತಕ್ಕಡಿ ಬಂದರೂ ಮೊದಲು ಖಾಲಿ ತಟ್ಟೆಗಳನ್ನು ನೋಡುತ್ತಿದ್ದ. ಇಟ್ಟ ಜಾಗ ಸಮವಾಗಿದೆಯೇ, ಬಾಗಿಲಿನ ಗಾಳಿ ಬಡಿಯುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದ. ಮಾಪನ ಇಲಾಖೆಯವರು ಬಂದು ಮುದ್ರೆ ಒತ್ತುವ ದಿನ ಅವನಿಗೆ ಹಬ್ಬ. “ನನ್ನ ಕೈ ಸರಿ ಐತಿ ಅಂತ ಸರಕಾರ ಒಪ್ಪಿಕೊಂಡಂಗ” ಎನ್ನುತ್ತಿದ್ದ. ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ಈಗಲೂ ವರ್ಷಕ್ಕೊಮ್ಮೆ ಮುದ್ರೆ ಬೀಳಲೇಬೇಕು. ಮುದ್ರೆ ಇಲ್ಲದ ಕಾಟಾದಲ್ಲಿ ಭತ್ತ ತೂಗಿದರೆ ರೈತ ಜಗಳಕ್ಕೆ ನಿಲ್ಲುತ್ತಾನೆ, ತೇವಾಂಶ ತೋರಿಸುವ ಮೀಟರನ್ನು ಕೂಡ ಬಿಡುವುದಿಲ್ಲ, ಎರಡನೇ ಸಲ ಹಾಕು ಎನ್ನುತ್ತಾನೆ. ಅವನ ಜಗಳ ನ್ಯಾಯದ್ದು.

2021ರ ಮೇ ತಿಂಗಳಲ್ಲಿ ಅಪ್ಪ ಆಸ್ಪತ್ರೆ ಸೇರಿದ. ಆ ದಿನಗಳನ್ನು ಯಾರೂ ಮರೆತಿಲ್ಲ. ಮೇ 2 ಮತ್ತು 3ರ ನಡುವೆ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ತೀರಿಹೋದ ಸುದ್ದಿ ವಾರ್ಡಿನ ಒಳಗೂ ಬಂದಿತ್ತು. ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡಬೇಕೆಂಬ ಹೈಕೋರ್ಟಿನ ಆದೇಶಕ್ಕೆ ಮೇ 7ರಂದು ಸುಪ್ರೀಂ ಕೋರ್ಟ್ ಅಡ್ಡ ಬರಲಿಲ್ಲ ಎಂದು ಟಿವಿಯಲ್ಲಿ ಬಂದಾಗ ವಾರ್ಡಿನ ಹೊರಗೆ ಕುಳಿತ ನಾವೆಲ್ಲ ಕೈಮುಗಿದೆವು. ಆಗ ಎಲ್ಲರ ಬಾಯಲ್ಲೂ ಟನ್ನು, ಟ್ಯಾಂಕರು, ಜಂಬೊ ಸಿಲಿಂಡರ್. ಎಷ್ಟಿದೆ ಎಂಬುದೊಂದೇ ಪ್ರಶ್ನೆ. ಅಪ್ಪನ ಮಂಚದ ಪಕ್ಕದ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ನಾಲ್ಕನೇ ದಿನವೋ ಐದನೇ ದಿನವೋ ಮಾಸ್ಕ್ ತುಸು ಸರಿಸಿ, ಬಾಟಲಿ ಕಡೆ ಕಣ್ಣು ಮಾಡಿ ಕೇಳಿದ: “ಇದರಾಗ ಎಷ್ಟು ಐತಿ ಅಂತ ಯಾರ ತೂಗ್ಯಾರವ್ವಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಇನ್‌ಸ್ಟ್ರುಮೆಂಟೇಷನ್ ಓದಿದವಳಿಗೆ ಗೊತ್ತಿರಲಿಲ್ಲ. ಅಪ್ಪ ಹದಿನಾರು ದಿನ ಇದ್ದು ಮನೆಗೆ ಬಂದ. ನಾನು ಕಾರ್ಖಾನೆಯ ಕೆಲಸ ಬಿಟ್ಟು ಈ ಕೆಲಸಕ್ಕೆ ಬಂದದ್ದು ಆ ಪ್ರಶ್ನೆಯಿಂದ.

ಆಮೇಲೆ ಪ್ಲಾಂಟುಗಳು ಬಂದವು. ಪಿಎಂ ಕೇರ್ಸ್ ನಿಧಿಯಿಂದ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು. 2021ರ ಅಕ್ಟೋಬರ್ 7ರಂದು ಋಷಿಕೇಶದ ಏಮ್ಸ್‌ನಲ್ಲಿ ಪ್ರಧಾನಿ 35 ಪ್ಲಾಂಟುಗಳನ್ನು ಉದ್ಘಾಟಿಸಿದಾಗ, ಇನ್ನು ದೇಶದ ಎಲ್ಲ ಜಿಲ್ಲೆಗಳಲ್ಲೂ ಪಿಎಸ್‌ಎ ಇದೆ ಎಂದು ಘೋಷಣೆಯಾಯಿತು. ಅವುಗಳನ್ನು ನಡೆಸಲು 7,000ಕ್ಕೂ ಹೆಚ್ಚು ಮಂದಿಗೆ ತರಬೇತಿ ಕೊಟ್ಟಿದ್ದಾಗಿಯೂ, ಪ್ಲಾಂಟಿನ ಅಂಕಿಗಳನ್ನು ದೂರದಿಂದಲೇ ಇಂಟರ್ನೆಟ್‌ನಲ್ಲಿ ನೋಡುವ ವ್ಯವಸ್ಥೆ ಇರುವುದಾಗಿಯೂ ಹೇಳಿದರು. ಇದು ದೊಡ್ಡ ಕೆಲಸ, ಮನಸ್ಸಿನಿಂದಲೇ ಹೇಳುತ್ತೇನೆ. ಆದರೆ ಇಂಟರ್ನೆಟ್ ಅಂಕಿಯನ್ನು ಒಯ್ಯುತ್ತದೆ, ತಿದ್ದುವುದಿಲ್ಲ. ಚಪ್ಪಟೆಯಾದ ಪೈಪಿನ 97.4 ದೆಹಲಿಯ ಪರದೆಯ ಮೇಲೂ 97.4 ಆಗಿಯೇ ಕಾಣುತ್ತದೆ.

ಒಬ್ಬ ವೈದ್ಯರು ನನಗೆ ಸಮಾಧಾನದಿಂದಲೇ ಹೇಳಿದ್ದರು: “ನೋಡಮ್ಮಾ, 93 ಇರಲಿ, 88 ಇರಲಿ, ಮಾಸ್ಕಿನಲ್ಲಿ ಹೋಗುವಾಗ ಹೊರಗಿನ ಗಾಳಿ ಸೇರಿಯೇ ಸೇರುತ್ತದೆ. ರೋಗಿಯ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಇದೆ. ಅದು ಇಳಿದರೆ ನಮಗೆ ತಿಳಿಯುತ್ತದೆ.” ಅವರ ಮಾತಿನಲ್ಲಿ ಸತ್ಯವಿದೆ. 88ರ ಆಮ್ಲಜನಕ ಕುಡಿದು ಯಾರೂ ಆ ಗಳಿಗೆಯಲ್ಲಿ ಸಾಯುವುದಿಲ್ಲ. ಆದರೆ ನನ್ನ ಚಿಂತೆ 88ರದ್ದಲ್ಲ, ಅದು ಇಳಿಯುತ್ತಿರುವುದು ಯಾರಿಗೂ ಕಾಣದಿರುವುದರದ್ದು. ಆ ಚಪ್ಪಟೆ ಪೈಪಿನ ಪ್ಲಾಂಟಿನಲ್ಲಿ ಗಾಳಿ ಒಣಗಿಸುವ ಡ್ರೈಯರ್ ಕೆಟ್ಟು, ತೇವ ಜಿಯೋಲೈಟ್‌ಗೆ ನುಗ್ಗಿತ್ತು. ನೀರು ಕುಡಿದ ಜಿಯೋಲೈಟ್ ಸಾರಜನಕ ಹಿಡಿಯುವುದನ್ನು ಬಿಡುತ್ತಾ ಹೋಗುತ್ತದೆ. ಇವತ್ತು 88, ಮುಂದಿನ ತಿಂಗಳು 80.

ಬೆರಳಿನ ಮೀಟರ್ ಇಳಿದಾಗ ನರ್ಸಮ್ಮ ಏನು ಮಾಡುತ್ತಾರೆ? ರೋಗ ಹೆಚ್ಚಿತು ಎಂದುಕೊಂಡು ಫ್ಲೋ ಹೆಚ್ಚಿಸುತ್ತಾರೆ. ಪಕ್ಕದ ಮಂಚದವರಿಗೂ ಹೆಚ್ಚಿಸುತ್ತಾರೆ. ಪಿಎಸ್‌ಎ ಪ್ಲಾಂಟಿನ ಸ್ವಭಾವ ಏನೆಂದರೆ, ಅದರ ಶಕ್ತಿ ಮೀರಿ ಎಳೆದಷ್ಟೂ ಸೋಸುವ ಹೊತ್ತು ಕಡಿಮೆಯಾಗಿ ಶುದ್ಧತೆ ಇನ್ನೂ ಇಳಿಯುತ್ತದೆ. ಇಳಿದಷ್ಟೂ ಮತ್ತೆ ಎಳೆಯುತ್ತಾರೆ. ಈ ಸುಳಿಯನ್ನು ಮೊದಲ ತಿರುವಿನಲ್ಲೇ ನಿಲ್ಲಿಸಬಲ್ಲ ಒಂದೇ ಒಂದು ಕಣ್ಣು ಅನಲೈಸರ್. ಆ ಕಣ್ಣಿಗೆ ಪೊರೆ ಬಂದಿದ್ದರೆ ವೈದ್ಯರ ವಿದ್ಯೆಯೂ ಕತ್ತಲಲ್ಲಿ ನಡೆಯುತ್ತದೆ. ಈ ಮಾತನ್ನು ಅವರಿಗೂ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಮರುದಿನ ಶೆಡ್ಡಿಗೆ ತಾವೇ ಬಂದರು. ಆ ಗೌರವವನ್ನು ನಾನು ಮರೆಯುವುದಿಲ್ಲ.

ಹಾಗಾದರೆ ಸರಿಯಾಗಿ ಹೊಂದಿಸುವುದು ಕಷ್ಟವೇ? ಇಲ್ಲ. ಬಯಲಿನ ಗಾಳಿ ತೋರಿಸಿ ಅಂಕಿಯನ್ನು 20.9ಕ್ಕೆ ತರುವ, ಹತ್ತು ಹದಿನೈದು ನಿಮಿಷದ ಕೆಲಸ. ಆದರೆ ಅದರಲ್ಲೂ ಕಾಲು ಜಾರುವ ಜಾಗಗಳಿವೆ, ನಾನು ಜಾರಿದ್ದೇನೆ ಕೂಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಳೆ ಬರುತ್ತಿತ್ತೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗೇ ನಿಂತು, ಅನಲೈಸರ್‌ಗೆ ಗಾಳಿ ತೋರಿಸಿ ಅದನ್ನು 20.9ಕ್ಕೆ ಹೊಂದಿಸಿದೆ. ಗೋಪುರ ಬುಸ್ ಎಂದು ಉಗುಳುವುದು ಸಾರಜನಕವನ್ನು ಎಂದು ಆಗಲೇ ಹೇಳಿದೆನಲ್ಲ, ಅದರ ಹೊರಪೈಪು ಸೋರುತ್ತಿದ್ದ ಶೆಡ್ಡು ಅದು. ಮುಚ್ಚಿದ ಶೆಡ್ಡಿನ ಗಾಳಿಯಲ್ಲಿ ಆಮ್ಲಜನಕ 20.9 ಇರಲೇ ಇಲ್ಲ. ಅಲ್ಲಿ 19 ಇದ್ದಿದ್ದನ್ನು ನಾನು 20.9 ಎಂದು ಯಂತ್ರಕ್ಕೆ ಹೇಳಿಕೊಟ್ಟರೆ, ಅದು ಮುಂದೆ ಎಲ್ಲವನ್ನೂ ಹತ್ತಕ್ಕೆ ಒಂದು ಪಾಲು ಹೆಚ್ಚು ಹೇಳುತ್ತದೆ. ಸಂಜೆ ಹೊರಗೆ ತಂದು ನೋಡಿದಾಗ 22 ದಾಟಿತ್ತು. ಬಯಲಿನ ಗಾಳಿಯಲ್ಲಿ 22 ಎಲ್ಲಿಂದ ಬರಬೇಕು? ಆ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಸಾರಜನಕ ಹೊಕ್ಕ ಶೆಡ್ಡಿನಲ್ಲಿ ಮನುಷ್ಯರು ಉಸಿರಾಡುವುದೂ ಅಪಾಯ ಎಂಬುದು ಬೇರೆ ಮಾತು.

ಇನ್ನೊಂದು ಜಾರು ಜಾಗ ಮೊಬೈಲ್‌ನಲ್ಲಿದೆ. ಕೆಲವು ಅನಲೈಸರ್‌ಗಳಿಗೆ ಗಾಳಿಯ ಒತ್ತಡದ ಅಂಕಿಯನ್ನು ನಾವೇ ತುಂಬಬೇಕು. ಆಪರೇಟರ್‌ಗಳು ಹವಾಮಾನದ ಆ್ಯಪ್ ತೆರೆದು ಅಲ್ಲಿ ಕಂಡ 1008ನ್ನೋ 1010ನ್ನೋ ತುಂಬುತ್ತಾರೆ. ಹವಾಮಾನದವರು ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸಿ ನೋಡಲೆಂದು ಎಲ್ಲ ಊರಿನ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ಅವರ ಕೆಲಸಕ್ಕೆ ಅದು ಸರಿ. ಕುಷ್ಟಗಿಯ ಅನಲೈಸರ್‌ಗೆ ಬೇಕಾದ್ದು ಕುಷ್ಟಗಿಯ ನೆಲದ ಮೇಲಿನ 940. ಮಳೆಗಾಲದಲ್ಲಿ ಗಾಳಿಯ ತೇವವೂ ತನ್ನ ಪಾಲು ಕೇಳುತ್ತದೆ. ನೀರಾವಿ ಜಾಗ ಹಿಡಿದಷ್ಟು ಆಮ್ಲಜನಕ ಕಡಿಮೆ, ಆಗ ಹೊಂದಿಸಿದ ಯಂತ್ರ ಪ್ಲಾಂಟಿನ ಒಣ ಆಮ್ಲಜನಕವನ್ನು ಎರಡು ಮೂರು ಅಂಕಿ ಹೆಚ್ಚಿಸಿ ಹೇಳಬಹುದು. ಆದ್ದರಿಂದ ಬಯಲಿನ ಗಾಳಿಯೊಂದನ್ನೇ ನೆಚ್ಚದೆ, ಪ್ರಮಾಣೀಕರಿಸಿದ ಶುದ್ಧ ಆಮ್ಲಜನಕದ ಸಣ್ಣ ಸಿಲಿಂಡರಿನಿಂದ ಮೇಲಿನ ತುದಿಯನ್ನೂ ಹೊಂದಿಸಬೇಕು. ತಕ್ಕಡಿಗೆ ಖಾಲಿ ತಟ್ಟೆಯನ್ನೂ ನೋಡಬೇಕು, ತೂಕದ ಕಲ್ಲನ್ನೂ ಇಡಬೇಕು.

ಗಂಟೆ ಗಂಟೆಗೂ ಒತ್ತಡ ಏರಿಳಿಯುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ನಮ್ಮ ಸೀಮೆಯಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಮಧ್ಯಾಹ್ನ ನಾಲ್ಕರ ಸುಮಾರಿಗೆ ಇಳಿಯುತ್ತದೆ, ಮೂರೋ ನಾಲ್ಕೋ ಮಿಲಿಬಾರ್. ಅದರಿಂದ 93ರಲ್ಲಿ ಆಗುವ ವ್ಯತ್ಯಾಸ ಅರ್ಧ ಅಂಕಿಯೂ ಇಲ್ಲ. ಅದನ್ನು ಬಿಡಬಹುದು. ಬಿಡಬಾರದ್ದು ಊರಿನಿಂದ ಊರಿಗೆ ಆಗುವ 25, 55 ಮಿಲಿಬಾರ್‌ಗಳನ್ನು.

ನಾನು ಜಿಲ್ಲಾಡಳಿತಕ್ಕೂ ಆರೋಗ್ಯ ಇಲಾಖೆಗೂ ಕೇಳುತ್ತಿರುವುದು ದೊಡ್ಡ ಹಣದ ಕೆಲಸವಲ್ಲ. ಪ್ರತಿ ಪ್ಲಾಂಟಿಗೂ ಒಂದು ಬ್ಯಾರೋಮೀಟರ್ ಕೊಡಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿ. ಹೊರಗಿನಿಂದ ಕ್ಯಾಲಿಬ್ರೇಷನ್ ಆಗಿ ಬಂದ ಯಂತ್ರವನ್ನು ಇದ್ದ ಊರಿನಲ್ಲಿ ಮತ್ತೊಮ್ಮೆ ಹೊಂದಿಸದೆ ಬಳಸಬಾರದು ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಪ್ರಮಾಣಪತ್ರದಲ್ಲಿ ಯಾವ ಒತ್ತಡದಲ್ಲಿ ಹೊಂದಿಸಿದ್ದು ಎಂಬುದನ್ನು ಬರೆಯಿಸಿಕೊಳ್ಳಿ. ಸೆನ್ಸರ್ ಒಂದೆರಡು ವರ್ಷಕ್ಕೆ ಸವೆಯುತ್ತದೆ. ಅದು ಸತ್ತ ಮೇಲೆ ಟೆಂಡರ್ ಕರೆಯುವ ಬದಲು ಒಂದನ್ನು ಮೊದಲೇ ತಂದಿಡಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಮನುಷ್ಯರನ್ನು ಉಳಿಸಿಕೊಳ್ಳಿ. ತರಬೇತಿ ಪಡೆದ ಐಟಿಐ ಹುಡುಗರು ಆರು ತಿಂಗಳ ಗುತ್ತಿಗೆ ಮುಗಿದ ಕೂಡಲೇ ಕಾರ್ಖಾನೆಗಳ ಕಡೆ ಹೋಗುತ್ತಾರೆ. ಹೊಸಬ ಬರುತ್ತಾನೆ, ಅಂಕಿ ಬರೆಯುವುದನ್ನು ಕಲಿಯುತ್ತಾನೆ, ಅನುಮಾನಿಸಲು ಕಲಿಯುವಷ್ಟರಲ್ಲಿ ಅವನ ಗುತ್ತಿಗೆಯೂ ಮುಗಿದಿರುತ್ತದೆ. ಎಷ್ಟೋ ಶೆಡ್ಡುಗಳಿಗೆ ಬೀಗ ಬಿದ್ದಿರುವುದಕ್ಕೂ ಇದೇ ಕಾರಣ. ನಿಂತ ಪ್ಲಾಂಟಿನ ಜಿಯೋಲೈಟ್ ಸುಮ್ಮನಿರುವುದಿಲ್ಲ, ತೇವ ಕುಡಿಯುತ್ತಲೇ ಇರುತ್ತದೆ. ಬೇಕಾದ ದಿನ ಬೀಗ ತೆಗೆದರೆ ಏನು ಬರುತ್ತದೆ ಎಂದು ಅಳೆಯಲು ಸರಿಯಾದ ಯಂತ್ರವಾದರೂ ಇರಬೇಕು.

ಭತ್ತದ ಕಾಟಾಕ್ಕೆ ಮುದ್ರೆ ಒತ್ತುವ ಸರ್ಕಾರ ಉಸಿರಿನ ಕಾಟಾಕ್ಕೂ ಒತ್ತಲಿ ಎಂದು ಅಪ್ಪ ಹೇಳುತ್ತಲೇ ಇರುತ್ತಾನೆ. ಈಗ ಅವನಿಗೆ ಕಣ್ಣು ಮಂಜು, ಅಂಗಡಿ ಮುಚ್ಚಿದ್ದಾನೆ. ಅಕ್ಷರ ಕೊರೆಯುವ ಹಳೆಯ ಉಳಿಗಳು ಮಾತ್ರ ಡಬ್ಬಿಯಲ್ಲಿವೆ. ಹೋದ ತಿಂಗಳು ತಗಡು ಕತ್ತರಿಸಿ, ಎರಡು ಬೆರಳಗಲದ ನಾಲ್ಕು ಬಿಲ್ಲೆ ಮಾಡಿ, ಮೇಲೆ ತೂತು ಹೊಡೆದು ಕೊಟ್ಟ.

ಮೊನ್ನೆ ಗುರುವಾರ ಕುಷ್ಟಗಿಗೆ ಹೋಗಿದ್ದೆ. ಅಲ್ಲೊಬ್ಬ ಹೊಸ ಹುಡುಗನಿಗೆ ಕಲಿಸುವುದಿತ್ತು. ಅನಲೈಸರ್ ತೆಗೆದುಕೊಂಡು ಹೊರಗೆ, ಕಟ್ಟಡಗಳಿಂದ ದೂರ, ಬೇವಿನ ಮರದ ಕೆಳಗೆ ಬಂದೆವು. ಅಂಕಿ ನಿಲ್ಲುವವರೆಗೆ ಕಾಯಬೇಕು ಎಂದೆ. ಕಾದ. ಬ್ಯಾರೋಮೀಟರ್ ಓದಿ ಹೇಳಿದ. ಸಿಲಿಂಡರಿನ ಆಮ್ಲಜನಕ ಕೊಡುವಾಗ ನಾನು ಹೇಳುವ ಮೊದಲೇ ವೆಂಟ್ ಪೈಪಿನ ಬಾಯಿಗೆ ಅಂಗೈ ಹಿಡಿದು, ಗಾಳಿ ಬರುತ್ತಿದೆಯೇ ಎಂದು ನೋಡಿದ. ಆಮೇಲೆ ನನ್ನ ಚೀಲದಿಂದ ಅಪ್ಪನ ಬಿಲ್ಲೆಯನ್ನೂ ಉಳಿಯನ್ನೂ ತೆಗೆದು, ತಾನೇ ಕೊರೆದು, ತಂತಿ ಹಾಕಿ ಯಂತ್ರಕ್ಕೆ ಕಟ್ಟಿದ. ಮೇಲೆ ಊರಿನ ಹೆಸರು, ಅದರ ಕೆಳಗೆ ತಾರೀಖು, ಅದರ ಕೆಳಗೆ 941.